ಬೆಜವಾಡದ ಅಣೆಕಟ್ಟು ಮತ್ತು ಪೂರೈಕೆಯ ಪಾಠ

‘ಪೂರೈಕೆ’ ಎಂಬ ಪದವನ್ನು ನಾವು ಇಂಗ್ಲಿಷಿನ ‘ಸಪ್ಲೈ’ಗೆ ಸಮನಾಗಿ ಬಳಸುತ್ತೇವೆ. ಇವೆರಡರ ನಡುವೆ ಒಂದು ಹಳೆಯ ನಂಟಿದೆ. ಇಂಗ್ಲಿಷ್ ಪದದ ಹಿಂದೆ ‘ತುಂಬು’ ಎಂಬ ಅರ್ಥದ ಲ್ಯಾಟಿನ್ ಧಾತುವಿದೆ. ನಮ್ಮ ಪದದ ಹಿಂದೆ ಅದೇ ಅರ್ಥದ ಸಂಸ್ಕೃತ ಧಾತುವಿದೆ. ಭಾಷಾಶಾಸ್ತ್ರಜ್ಞರ ಪ್ರಕಾರ ಎರಡೂ ಒಂದೇ ಬುಡದ ಕವಲುಗಳು. ಆದರೆ ಸಂಸ್ಕೃತದಲ್ಲಿ ‘ಪೂರ’ ಎಂಬುದಕ್ಕೆ ನೆರೆ, ಪ್ರವಾಹ ಎಂಬ ಅರ್ಥವೂ ಉಂಟು. ಸಾಹಿತ್ಯದ ವಿದ್ಯಾರ್ಥಿಗಳಾಗಿ ಅರ್ಥಶಾಸ್ತ್ರದ ಅಂಗಳಕ್ಕೆ ತಡವಾಗಿ ಕಾಲಿಟ್ಟ ನಮಗೆ ಈ ಎರಡನೆಯ ಅರ್ಥವೇ ಹೆಚ್ಚು ಬೆಳಕು ನೀಡಿತು. ಪೂರೈಕೆ ಎಂದರೆ ಇರುವ ವಸ್ತುವಲ್ಲ, ಹರಿದು ಬರುವ ವಸ್ತು.

ಪಠ್ಯಪುಸ್ತಕಗಳು ಹೇಳುವುದೂ ಇದನ್ನೇ, ಒಣ ಮಾತಿನಲ್ಲಿ. ಒಂದು ನಿರ್ದಿಷ್ಟ ಅವಧಿಯಲ್ಲಿ, ಒಂದು ನಿರ್ದಿಷ್ಟ ಬೆಲೆಗೆ, ಮಾರಾಟಗಾರರು ಮಾರಲು ಸಿದ್ಧರಿರುವ ಮತ್ತು ಸಮರ್ಥರಿರುವ ಪ್ರಮಾಣವೇ ಪೂರೈಕೆ. ಉಗ್ರಾಣದಲ್ಲಿ ಇರುವುದು ದಾಸ್ತಾನು. ಅದರಲ್ಲಿ ಪೇಟೆಗೆ ಬಂದಷ್ಟು ಮಾತ್ರ ಪೂರೈಕೆ. ಇತರ ಅಂಶಗಳು ಸ್ಥಿರವಾಗಿದ್ದಾಗ ಬೆಲೆ ಏರಿದರೆ ಪೂರೈಕೆಯ ಪ್ರಮಾಣ ಏರುತ್ತದೆ, ಬೆಲೆ ಇಳಿದರೆ ಇಳಿಯುತ್ತದೆ. ಇದು ಪೂರೈಕೆಯ ನಿಯಮ. ಅದನ್ನು ಕಾಗದದ ಮೇಲೆ ಬರೆದರೆ ಎಡದಿಂದ ಬಲಕ್ಕೆ ಮೇಲೇರುವ ಒಂದು ರೇಖೆ. ರೇಖೆ ಸರಳವಾಗಿದೆ. ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಷರತ್ತಿನೊಳಗೆ ನದಿ, ನಾಲೆ, ಎತ್ತು, ಬಂಡಿ, ರೈಲು, ಬಂದರು, ಸರಕಾರದ ಆಜ್ಞೆ ಎಲ್ಲವೂ ಅಡಗಿ ಕುಳಿತಿವೆ. ಕೇಂದ್ರ ಸರಕಾರದ ನೌಕರಿಯ ನಿಮಿತ್ತ ಊರಿಂದೂರಿಗೆ ಹೋಗುವ ನಮ್ಮಂಥವರಿಗೆ ವಿಶಾಖಪಟ್ಟಣವೂ ವಿಜಯವಾಡವೂ ವರ್ಗಾವಣೆಯ ಆದೇಶಗಳಲ್ಲಿ ಪರಿಚಿತವಾದ ಹೆಸರುಗಳು. ಆ ಅಡಗಿದ ಸಂಗತಿಗಳೆಲ್ಲ ಈ ಎರಡು ಊರುಗಳ ಇತಿಹಾಸದಲ್ಲಿ ಒಂದೊಂದಾಗಿ ಹೊರಬಂದು ನಿಲ್ಲುತ್ತವೆ ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ವಿಶಾಖಪಟ್ಟಣದ ಮೀನುಗಾರಿಕಾ ಬಂದರಿಗೆ ಹೋಗೋಣ. ದೋಣಿಗಳು ದಡ ಸೇರಿದ ಮೇಲೆ ಹರಾಜು ನಡೆಯುತ್ತದೆ. ಅಂದು ಬಲೆಗೆ ಬಿದ್ದದ್ದೆಷ್ಟೋ ಅಷ್ಟೇ. ಬೆಲೆ ದುಪ್ಪಟ್ಟಾದರೂ ಆ ಬೆಳಗಿಗೆ ಒಂದು ಬುಟ್ಟಿ ಮೀನೂ ಹೆಚ್ಚುವರಿಯಾಗಿ ಹುಟ್ಟುವುದಿಲ್ಲ. ಮರುವಾರ ಹಾಗಲ್ಲ. ಒಳ್ಳೆಯ ಬೆಲೆ ಕಂಡವರು ಇನ್ನಷ್ಟು ದೂರ ಹೋಗುತ್ತಾರೆ, ಇನ್ನಷ್ಟು ಆಳುಗಳನ್ನು ಕರೆದೊಯ್ಯುತ್ತಾರೆ. ಆ ಬೆಲೆ ವರುಷಗಟ್ಟಲೆ ನಿಂತರೆ ಹೊಸ ದೋಣಿಗಳೇ ತಯಾರಾಗುತ್ತವೆ. 1890ರಲ್ಲಿ ‘ಅರ್ಥಶಾಸ್ತ್ರದ ತತ್ತ್ವಗಳು’ ಎಂಬ ತನ್ನ ಗ್ರಂಥವನ್ನು ಪ್ರಕಟಿಸಿದ ಆಲ್ಫ್ರೆಡ್ ಮಾರ್ಷಲ್ ಪೂರೈಕೆಯನ್ನು ಕಾಲದ ಅಳತೆಯಲ್ಲಿ ವಿಂಗಡಿಸುವಾಗ ಮೀನಿನ ಪೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡನು. ಒಂದು ದಿನದ ಪೇಟೆ, ಅಲ್ಪಾವಧಿ, ದೀರ್ಘಾವಧಿ: ಒಂದೇ ಬೆಲೆಗೆ ಮೂರು ಬಗೆಯ ಉತ್ತರ. ಬೆಲೆಗೆ ಪೂರೈಕೆ ಎಷ್ಟರಮಟ್ಟಿಗೆ ಓಗೊಡುತ್ತದೆ ಎಂಬುದನ್ನು ‘ಪೂರೈಕೆಯ ಸ್ಥಿತಿಸ್ಥಾಪಕತ್ವ’ ಎಂಬ ಭಾರವಾದ ಪದದಿಂದ ಕರೆಯುತ್ತಾರೆ. ಪದ ಭಾರವಾದರೂ ವಿಷಯ ಇಷ್ಟೇ: ಉತ್ತರ ಬರಲು ಸಮಯ ಬೇಕು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರ ವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಉಳಿಯಲೆಂದು ಇಂದಿನ ಪೂರೈಕೆಯನ್ನು ಬೇಕೆಂದೇ ತಡೆದು ನಾಳೆಯ ಪೂರೈಕೆಯನ್ನು ಕಾಯುವ ಕ್ರಮವಿದು.

ಮೀನು ಸಿಗದಿದ್ದರೆ ಬೇರೇನನ್ನಾದರೂ ತಿನ್ನಬಹುದು. ಧಾನ್ಯದ ಮಾತು ಬೇರೆ. ಇಲ್ಲಿ ಉತ್ತರ ತಡವಾದರೆ ಏನಾಗುತ್ತದೆಂಬುದನ್ನು ನೋಡಲು ಕೃಷ್ಣಾ ನದಿಯ ದಕ್ಷಿಣದ ದಡಕ್ಕೆ, ಗುಂಟೂರು ಸೀಮೆಗೆ, 1832–33ಕ್ಕೆ ಹೋಗಬೇಕು.

ಅದು ನಂದನ ಸಂವತ್ಸರ. ಮಳೆ ಕೈಕೊಟ್ಟಿತು. ತೆಲುಗರು ಆ ಕ್ಷಾಮವನ್ನು ‘ಡೊಕ್ಕಲ ಕರುವು’ ಎಂದು ಇಂದಿಗೂ ನೆನೆಯುತ್ತಾರೆ. ಹೊಟ್ಟೆ ಒಳಸೇರಿ ಪಕ್ಕೆ ಎದ್ದು ಕಾಣುವ ದೇಹಗಳಿಂದ ಬಂದ ಹೆಸರು. ಸುಮಾರು 5 ಲಕ್ಷ ಜನರಿದ್ದ ಗುಂಟೂರು ಸೀಮೆಯಲ್ಲಿ ಸುಮಾರು 2 ಲಕ್ಷ ಮಂದಿ ಸತ್ತರೆಂಬ ಲೆಕ್ಕವೊಂದು ಬಳಕೆಯಲ್ಲಿದೆ. ಆಗ ಧಾನ್ಯದ ಬೆಲೆ ಏರಲಿಲ್ಲವೇ? ವಿಪರೀತವಾಗಿ ಏರಿತು. ಪೂರೈಕೆಯ ನಿಯಮ ಕೇಳುವ ಸಂಕೇತವೆಲ್ಲ ಅಲ್ಲಿತ್ತು. ಧಾನ್ಯ ಮಾತ್ರ ಬರಲಿಲ್ಲ. ಅಂದು ಒಳನಾಡಿನಲ್ಲಿ ಧಾನ್ಯ ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತಿನ ಬೆನ್ನಿನ ಮೇಲೆ. ನಮ್ಮ ಕಡೆ ಲಂಬಾಣಿಗಳೆಂದು ಕರೆಯುವ ಜನರ ಎತ್ತಿನ ಸಾಲುಗಳು ದಿನಕ್ಕೆ ಆರೆಂಟು ಮೈಲಿ ನಡೆಯುತ್ತಿದ್ದವು; ದಾರಿಯಲ್ಲಿ ಮೇವು, ನೀರು ಇದ್ದರೆ ಮಾತ್ರ. ಬರಗಾಲದಲ್ಲಿ ಧಾನ್ಯಕ್ಕೆ ಮೊದಲು ಒಣಗುವುದು ಹುಲ್ಲು. ಧಾನ್ಯ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಹೊತ್ತಿನಲ್ಲೇ ಅದನ್ನು ತರುವ ಎತ್ತು ಸಾಯುತ್ತದೆ. ಬೆಲೆ ಏರಿದಷ್ಟೂ ಸಾಗಣೆಯ ಖರ್ಚು ಅದಕ್ಕಿಂತ ವೇಗವಾಗಿ ಏರುತ್ತದೆ. ಹೀಗಾದಾಗ ಕಾಗದದ ಮೇಲಿನ ಆ ರೇಖೆ ಬಲಕ್ಕೆ ಬಾಗುವುದನ್ನು ನಿಲ್ಲಿಸಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಪಕ್ಕದಲ್ಲೇ ಹರಿಯುವ ಕೃಷ್ಣೆಯ ನೀರು ಸಮುದ್ರ ಸೇರುತ್ತಿತ್ತು.

ಇದಾದ ಇಪ್ಪತ್ತು ವರುಷಗಳಿಗೆ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಅಣೆಕಟ್ಟಿನ ಕೆಲಸ ಮೊದಲಾಯಿತು. ಆರ್ಥರ್ ಕಾಟನ್ 1847ರಿಂದ 1852ರ ವರೆಗೆ ಗೋದಾವರಿಗೆ ಧವಳೇಶ್ವರದಲ್ಲಿ ಕಟ್ಟಿದ ಅಣೆಕಟ್ಟು ಅದಕ್ಕೆ ಮೇಲ್ಪಂಕ್ತಿ. ಇಂದ್ರಕೀಲಾದ್ರಿಗೂ ಎದುರು ದಡದ ಸೀತಾನಗರದ ಗುಡ್ಡಕ್ಕೂ ನಡುವೆ, ಒಂದು ಕಿಲೋಮೀಟರಿಗೂ ಮಿಕ್ಕ ಉದ್ದದ ಕೃಷ್ಣಾ ಅಣೆಕಟ್ಟನ್ನು 1852ರಿಂದ 1855ರ ವರೆಗೆ ಕಟ್ಟಿಸಿದವನು ಎಂಜಿನಿಯರ್ ಚಾರ್ಲ್ಸ್ ಓರ್. ಕಾಟನ್ನನ ಹೆಸರು ಮನೆಮಾತಾಗಿದೆ, ಓರ್‌ನದು ಅಷ್ಟಾಗಿಲ್ಲ. ಇತಿಹಾಸದ ಕೀರ್ತಿಯ ಹಂಚಿಕೆಯೂ ಸಮನಾದುದಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬೆಲೆ ಏರಿದ ಕಾರಣ ರೈತನು ಹೆಚ್ಚು ಮಾರಿದರೆ ಅದು ರೇಖೆಯ ಮೇಲಿನ ಚಲನೆ. ಪೂರೈಕೆಯ ಪ್ರಮಾಣ ಬದಲಾಯಿತೇ ಹೊರತು ಪೂರೈಕೆಯಲ್ಲ. ನಾಲೆಯ ನೀರು ಬಂದು, ಹಿಂದಿನ ಬೆಲೆಗೇ ಹಿಂದಿಗಿಂತ ಹೆಚ್ಚು ಭತ್ತ ಮಾರಲು ಸಾಧ್ಯವಾದರೆ ಇಡೀ ರೇಖೆಯೇ ಬಲಕ್ಕೆ ಸರಿಯುತ್ತದೆ. ತಂತ್ರಜ್ಞಾನ, ಒಳಸುರಿಗಳ ಬೆಲೆ, ತೆರಿಗೆ, ಮಾರಾಟಗಾರರ ಸಂಖ್ಯೆ, ನಾಳಿನ ಬೆಲೆಯ ನಿರೀಕ್ಷೆ ಇವೆಲ್ಲ ರೇಖೆಯನ್ನು ಸರಿಸುವ ಶಕ್ತಿಗಳೆಂದು ಪುಸ್ತಕಗಳು ಪಟ್ಟಿ ಮಾಡುತ್ತವೆ. ಮಳೆಯನ್ನೇ ನಂಬಿದ ಹೊಲಗಳು ಗದ್ದೆಗಳಾದ ಕೃಷ್ಣಾ ಮುಖಜ ಭೂಮಿಯಲ್ಲಿ ಆ ಪಟ್ಟಿಯ ಮೊದಲ ಪದ ಕಲ್ಲುಗಾರೆಯ ರೂಪದಲ್ಲಿ ನಿಂತಿತು.

ಇಲ್ಲೊಂದು ಮಾತನ್ನು ಕನ್ನಡಿಗರಾಗಿ ಸೇರಿಸದೆ ಮುಂದುವರಿಯುವುದು ಕಷ್ಟ. ಆ ನೀರು ನಮ್ಮ ನೆಲವನ್ನು ದಾಟಿ ಹೋದ ನೀರು. ನದಿಯ ನೀರಿಗೆ ಬೆಲೆಯ ಮಾತು ಕೇಳುವುದೇ ಇಲ್ಲ. ಎಷ್ಟು ಕೂಗಿದರೂ ಮಳೆ ಸುರಿದಷ್ಟೇ ಅದರ ಪೂರೈಕೆ. ಆದುದರಿಂದ ಅದನ್ನು ಹಂಚುವುದು ಪೇಟೆಯಲ್ಲ, ನ್ಯಾಯಮಂಡಳಿ. ನೂರಕ್ಕೆ 75 ವರುಷ ನಂಬಬಹುದಾದ ಹರಿವು 2,060 ಟಿಎಂಸಿ ಎಂದು ಲೆಕ್ಕ ಹಾಕಿ, ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಮುಂದಿನ ಜಗಳಗಳೆಲ್ಲ ಬೇರೆಯ ಕಥೆ.

ಬೆಜವಾಡದ ಅಣೆಕಟ್ಟಿಗೆ ಇಪ್ಪತ್ತೊಂದು ತುಂಬಿದಾಗ ಧಾತು ಸಂವತ್ಸರ ಬಂದಿತು. 1876ರಿಂದ 78ರ ವರೆಗಿನ ಧಾತು–ಈಶ್ವರ ಬರದ ಹೆಸರು ಕೇಳದ ಹಳೆಯ ಮೈಸೂರಿನ ಮನೆಗಳು ಕಡಮೆ. ಬಳ್ಳಾರಿ, ಕರ್ನೂಲು, ಕಡಪ, ಮೈಸೂರು ಸಂಸ್ಥಾನ ಎಲ್ಲವೂ ಬೆಂದವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚು; 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರುಷಗಳ ಸಹಜ ಏರಿಕೆಯನ್ನು ಸೇರಿಸಿ ನೋಡಿದರೆ ನಷ್ಟ ಇನ್ನೂ ದೊಡ್ಡದು. ಇದೇ ಹೊತ್ತಿಗೆ ಗೋದಾವರಿ, ಕೃಷ್ಣಾ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ಭತ್ತ ತೆನೆಗಟ್ಟಿತ್ತು. ಒಂದೇ ಮದ್ರಾಸ್ ಪ್ರಾಂತದೊಳಗೆ ಒಂದೆಡೆ ಮಿಗುವ ಅಕ್ಕಿ, ಇನ್ನೊಂದೆಡೆ ಗಂಜಿಗೂ ಗತಿಯಿಲ್ಲದ ಜನ.

ಮದ್ರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ 1876ರ ಕೊನೆಯಲ್ಲಿ ಆರ್ಬತ್‌ನಾಟ್ ಕಂಪನಿಯ ಮೂಲಕ ಗುಟ್ಟಾಗಿ 30,000 ಟನ್ ಧಾನ್ಯ ಕೊಳ್ಳಿಸಿದನು. ವೈಸರಾಯ್ ಲಿಟ್ಟನ್ನನ ಸರಕಾರಕ್ಕೆ ಇದು ಹಿಡಿಸಲಿಲ್ಲ. ಸರಕಾರವೇ ಕೊಳ್ಳಲು ಹೊರಟರೆ ಖಾಸಗಿ ವರ್ತಕರು ಹಿಂಜರಿಯುತ್ತಾರೆ, ಬೆಲೆ ತನ್ನಷ್ಟಕ್ಕೆ ಏರಲಿ, ಏರಿದ ಬೆಲೆಯೇ ಧಾನ್ಯವನ್ನು ಎಳೆದು ತರುತ್ತದೆ ಎಂಬುದು ಅವರ ನಿಲುವು. ಹಿಂದೆ 1776ರಲ್ಲಿ ಆಡಂ ಸ್ಮಿತ್, ಧಾನ್ಯದ ಅಭಾವ ಕ್ಷಾಮವಾಗಿ ಮಾರ್ಪಡುವುದು ಸರಕಾರಗಳ ಬಲವಂತದ ಹಸ್ತಕ್ಷೇಪದಿಂದ ಎಂಬರ್ಥದ ಮಾತನ್ನು ಬರೆದಿದ್ದನು; ಅಧಿಕಾರಿಗಳ ತಲೆಯಲ್ಲಿ ಅದು ಶಾಸನವಾಗಿ ಕುಳಿತಿತ್ತು. 1877ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದ ರಿಚರ್ಡ್ ಟೆಂಪಲ್‌ನ ವಿಷಯ ಇನ್ನೂ ವಿಚಿತ್ರ. 1874ರ ಬಿಹಾರದ ಬರದಲ್ಲಿ ಅವನು ಬರ್ಮಾದಿಂದ ಭಾರಿ ಪ್ರಮಾಣದಲ್ಲಿ ಅಕ್ಕಿ ತರಿಸಿದ್ದನು. ಹಸಿವಿನ ಸಾವುಗಳು ಅತಿ ಕಡಮೆಯಾಗಿದ್ದವು. ಆಮೇಲೆ ದುಂದುಗಾರನೆಂಬ ಟೀಕೆಯನ್ನು ತಿಂದನು. ಆ ಟೀಕೆಯಿಂದ ಅವನು ಕಲಿತ ಪಾಠವನ್ನು ತೆತ್ತವರು ದಕ್ಷಿಣದ ಕೂಲಿಗಳು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಎಂದು ಅವನು ಕೂಲಿಯನ್ನು ಇಳಿಸಿದನು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದು ದೇಹಕ್ಕೆ ಸಾಲದೆಂದು ಬಲವಾಗಿ ಪ್ರತಿಭಟಿಸಿದನು.

ನ್ಯಾಯವಾಗಿ ಹೇಳುವುದಾದರೆ, ಬೆಲೆ ಏನನ್ನೂ ಮಾಡಲಿಲ್ಲವೆನ್ನಲಾಗದು. ಸಮುದ್ರದ ಮೂಲಕ ವರ್ತಕರು ಮದ್ರಾಸಿಗೆ ಧಾನ್ಯ ತಂದರು. ಕಡಲ ದಂಡೆಯಲ್ಲಿ ಮೂಟೆಗಳು ರಾಶಿ ಬಿದ್ದವು. ಬಳ್ಳಾರಿಗೂ ಬೆಂಗಳೂರಿಗೂ ಆ ವೇಳೆಗೆ ರೈಲು ಬಂದಿತ್ತು. ಆದರೆ ರೈಲು ನಿಂತ ಕಡೆ ಪೂರೈಕೆ ನಿಂತಿತು. ನಿಲ್ದಾಣದಿಂದ ಹಳ್ಳಿಗೆ ಸಾಗಿಸಬೇಕಾದ ಬಂಡಿಯ ಎತ್ತುಗಳು ಸತ್ತಿದ್ದವು, ಬದುಕಿದ್ದವು ನಿತ್ರಾಣವಾಗಿದ್ದವು. ಗುಂಟೂರಿನ ಹಳೆಯ ಗೋಡೆ ಇಲ್ಲಿ ನಿಲ್ದಾಣದ ಆಚೆಗೆ ಎದ್ದಿತು. ಎರಡನೆಯ ಕಾರಣ ಇನ್ನೂ ಕ್ರೂರವಾದುದು. ಪೇಟೆಗೆ ಕೇಳಿಸುವುದು ಹಣವುಳ್ಳ ಹಸಿವು ಮಾತ್ರ. ಬೆಳೆ ಹೋದ ರೈತ, ಕೆಲಸವಿಲ್ಲದ ಕೂಲಿ, ಕೊಳ್ಳುವವರಿಲ್ಲದ ನೇಕಾರ ಇವರ ಕೈಯಲ್ಲಿ ಹಣವಿಲ್ಲದಿದ್ದಾಗ ವರ್ತಕನ ಧಾನ್ಯ ಬೇರೆ ಕಡೆ ತಿರುಗುವುದು ನಿಯಮದ ಉಲ್ಲಂಘನೆಯಲ್ಲ, ನಿಯಮದ ಪಾಲನೆಯೇ. ದೇಶದಿಂದ ಇಂಗ್ಲೆಂಡಿಗೆ ಗೋದಿಯ ರಫ್ತು ಆ ವರುಷಗಳಲ್ಲೂ ನಿಲ್ಲಲಿಲ್ಲ. ಲಿಟ್ಟನ್, ಟೆಂಪಲ್ ಪೂರೈಕೆಯ ನಿಯಮವನ್ನು ಓದಿದ್ದರು. ಅದರ ಷರತ್ತನ್ನು ಓದಲಿಲ್ಲವೆಂಬುದು ನಮ್ಮ ಅಭಿಪ್ರಾಯ. ನಿಯಮ ಸುಳ್ಳೆಂದು ಸಾಧಿಸಲು ಹೊರಡುವವರ ಜೊತೆಗೂ ನಾವಿಲ್ಲ. ನಾಲೆಯ ಗದ್ದೆಯ ರೈತನು ಬೆಲೆಯನ್ನು ನೋಡಿಯೇ ಬೆಳೆದನು.

ಆ ಬರದ ಕಾಮಗಾರಿಗಳಲ್ಲಿ ಕೆಲವು ಮುಂದಿನ ಪೂರೈಕೆಗೆ ದಾರಿಯಾದವು. ಕರಾವಳಿಗುಂಟ ತುಂಡು ತುಂಡಾಗಿದ್ದ ನಾಲೆಯನ್ನು ಬರದ ಕೂಲಿಗಳು ತೋಡಿ ಕೂಡಿಸಿದರು. 1878ರಲ್ಲಿ ಅದಕ್ಕೆ ಗವರ್ನರನ ಹೆಸರೇ ಬಿದ್ದು ಬಕಿಂಗ್‌ಹ್ಯಾಮ್ ಕಾಲುವೆಯಾಯಿತು. ಅದು ಕೃಷ್ಣಾ ನಾಲೆಗಳೊಡನೆ ಕೂಡಿ, ಬೆಜವಾಡದ ಕಡೆಯ ಅಕ್ಕಿ ದೋಣಿಯಲ್ಲೇ ಮದ್ರಾಸು ಸೇರಲು ಅನುವಾಯಿತು. ನಮ್ಮ ಕಡೆ ಬೆಂಗಳೂರು–ಮೈಸೂರು ರೈಲುಮಾರ್ಗವೂ ಬರಪರಿಹಾರದ ಕೆಲಸವಾಗಿ ಮೊದಲಾಗಿ 1882ರಲ್ಲಿ ಮೈಸೂರನ್ನು ತಲಪಿತು. ನಾಲೆಯೋ ರೈಲೋ ಎಂಬ ವಾದ ಲಂಡನ್ನಿನ ವರೆಗೆ ಹೋಯಿತು. 1878ರ ಸಂಸದೀಯ ಸಮಿತಿಯ ಮುಂದೆ ವೃದ್ಧ ಕಾಟನ್ ನೀರಾವರಿಯ, ಜಲಸಾರಿಗೆಯ ಪರವಾಗಿ ನಿಂತನು. ಒಲವು ರೈಲಿನ ಕಡೆಗಿತ್ತು. ಬೆಜವಾಡದಿಂದ ವಿಶಾಖಪಟ್ಟಣದ ದಿಕ್ಕಿನಲ್ಲಿ ಕಟಕದ ವರೆಗೆ ಪೂರ್ವ ಕರಾವಳಿಯ ರೈಲು 1893ರಿಂದ 96ರ ನಡುವೆ ಓಡತೊಡಗಿತು. ನಾಲೆ ಧಾನ್ಯವನ್ನು ಬೆಳೆಸುತ್ತದೆ, ರೈಲು ಅದನ್ನು ಹಂಚುತ್ತದೆ. ಎರಡನ್ನೂ ಎದುರಾಳಿಗಳಾಗಿ ನಿಲ್ಲಿಸಿದ್ದು ಆ ಕಾಲದ ದೊಡ್ಡ ಪೋಲು.

ವಿಶಾಖಪಟ್ಟಣದ ಬಂದರಿನ ಕಥೆಯನ್ನು ಚಿಕ್ಕದಾಗಿ ಹೇಳಿದರೆ ಸಾಕು. ಮಧ್ಯಪ್ರಾಂತಗಳ ನೆಲದಲ್ಲಿ ಮ್ಯಾಂಗನೀಸ್ ಅದಿರು ಇತ್ತು. ಹತ್ತಿರದ ಕಡಲಿಗೆ ದಾರಿಯಿರಲಿಲ್ಲ. ರಾಯಪುರ–ವಿಜಯನಗರಂ ರೈಲುಮಾರ್ಗ ಪೂರ್ಣಗೊಂಡು, ಕಡಲ ಬಾಯಲ್ಲಿ ಅಲೆಯನ್ನು ತಡೆಯಲು ಎರಡು ಹಳೆಯ ಹಡಗುಗಳನ್ನು ಮುಳುಗಿಸಿ, ಹೂಳೆತ್ತಿ ಬಂದರು ಸಿದ್ಧವಾದ ಮೇಲೆ 1933ರ ಅಕ್ಟೋಬರ್ 7ರಂದು ‘ಜಲದುರ್ಗ’ ಎಂಬ ಹಡಗು ಮೊದಲು ಒಳಬಂದಿತು. ಭೂಗರ್ಭದ ಅದಿರು ಅಂದಿನಿಂದ ಪೂರೈಕೆಯಾಯಿತು. ಅದುವರೆಗೆ ಅದು ಭೂವಿಜ್ಞಾನ ಮಾತ್ರ. ಉಕ್ಕಿನ ವಿಷಯವೂ ಹಾಗೆಯೇ. ‘ವಿಶಾಖ ಉಕ್ಕು, ಆಂಧ್ರರ ಹಕ್ಕು’ ಎಂಬ ಘೋಷಣೆಯೊಡನೆ 1966ರಲ್ಲಿ ಚಳವಳಿ ನಡೆದು ಗುಂಡೇಟಿಗೆ ಜನ ಸತ್ತರು. 1971ರಲ್ಲಿ ಇಂದಿರಾ ಗಾಂಧಿಯವರು ವಿಶಾಖಪಟ್ಟಣದಲ್ಲಿ ಅಡಿಗಲ್ಲಿಟ್ಟರು. ಕಾರ್ಖಾನೆ ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 1992ರಲ್ಲಿ. ಅದೇ 1971ರಲ್ಲಿ ಅವರೇ ನಮ್ಮ ತೋರಣಗಲ್ಲಿನಲ್ಲಿಯೂ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟಿದ್ದರು. ಸರಕಾರದ ಆ ಕಾರ್ಖಾನೆ ಮೇಲೇಳಲೇ ಇಲ್ಲ. ಕಾಲು ಶತಮಾನದ ಬಳಿಕ ಅಲ್ಲಿ ಉಕ್ಕು ತಯಾರಿಸಿದ್ದು ಖಾಸಗಿ ಕಂಪನಿ. ಮಾರ್ಷಲ್‌ನ ದೀರ್ಘಾವಧಿ ಎಷ್ಟು ದೀರ್ಘವಾಗಬಹುದೆಂದು ಬಳ್ಳಾರಿಯವರನ್ನು ಕೇಳಬೇಕು.

ಇನ್ನು ದಾಸ್ತಾನಿಗೂ ಪೂರೈಕೆಗೂ ಇರುವ ಭೇದ. ಬರ್ಮಾದ ಅಕ್ಕಿ ಯುದ್ಧಕ್ಕೆ ಮೊದಲು ವರುಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚಾಗಿ ಭಾರತಕ್ಕೆ ಬರುತ್ತಿತ್ತು. ಅಲ್ಲಿನ ಅಕ್ಕಿ ಗಿರಣಿಗಳಲ್ಲಿ, ಹಡಗುಕಟ್ಟೆಗಳಲ್ಲಿ ದುಡಿಯಲು ವಿಶಾಖಪಟ್ಟಣ, ಗೋದಾವರಿ ಸೀಮೆಗಳ ತೆಲುಗು ಕೂಲಿಗಳು ಹಂಗಾಮಿಗೊಮ್ಮೆ ಹಡಗೇರುತ್ತಿದ್ದರು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆಯೇ ಬಾಂಬು ಬಿದ್ದಿತು. ಹೊರಗಿನ ಅಕ್ಕಿ ನಿಂತಿತು. ಬೆಲೆ ನಿಯಂತ್ರಣ, ಲೆವಿ, ಪಡಿತರ, ಜಿಲ್ಲೆಯಿಂದ ಜಿಲ್ಲೆಗೆ ಸಾಗಣೆಯ ನಿರ್ಬಂಧ ಒಂದರ ಹಿಂದೊಂದು ಬಂದವು. ಯುದ್ಧಕಾಲದಲ್ಲಿ ಅವು ಅನಿವಾರ್ಯವಾಗಿದ್ದವು. 1943ರ ಬಂಗಾಳವನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಆದರೆ ವರುಷಗಳು ಕಳೆದಂತೆ ನಿಯಂತ್ರಣವೇ ಒಂದು ನಿರೀಕ್ಷೆಯನ್ನು ಬೆಳೆಸಿತು: ಇಂದು ಕೊಟ್ಟರೆ ಕಟ್ಟುಬೆಲೆ, ಬಚ್ಚಿಟ್ಟರೆ ನಾಳೆ ಕಾಳಸಂತೆಯ ಬೆಲೆ. ಧಾನ್ಯ ಇದ್ದ ಮನೆಗಳಲ್ಲೇ ಉಳಿಯಿತು.

1952ರ ಜೂನ್‌ನಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿಯವರು ಆಹಾರಧಾನ್ಯದ ನಿಯಂತ್ರಣವನ್ನು ತೆಗೆದುಹಾಕಿದರು. ಆಗ ವಿಶಾಖಪಟ್ಟಣ, ಬೆಜವಾಡ, ಬಳ್ಳಾರಿ, ಮಂಗಳೂರು ಎಲ್ಲವೂ ಒಂದೇ ರಾಜ್ಯದಲ್ಲಿದ್ದವು. ಹೊಸದಾಗಿ ಒಂದು ಗದ್ದೆಯೂ ನೆಟ್ಟಿರಲಿಲ್ಲ, ಹೊಸ ಕೊಯ್ಲೂ ಆಗಿರಲಿಲ್ಲ. ಅಡಗಿದ್ದ ಅಕ್ಕಿ ಅಂಗಡಿಗೆ ಬಂದಿತು. ಅದೇ ದಾಸ್ತಾನು, ಬೇರೆ ಪೂರೈಕೆ. ಈ ಯಶಸ್ಸನ್ನು ಎಲ್ಲ ಕಾಲಕ್ಕೂ ಮದ್ದೆಂದು ಹೊಗಳುವವರು ಅಂದಿನ ಸಂದರ್ಭವನ್ನು ಮರೆಯುತ್ತಾರೆ. ಕೃಷ್ಣಾ, ಗೋದಾವರಿ ನಾಲೆಗಳ ಭತ್ತ ಬೆನ್ನಿಗಿತ್ತು, ರೈಲಿತ್ತು, ಲಾರಿಯಿತ್ತು. ಕೈಗೆ ಸಿಗದಂತಿದ್ದುದು ವರ್ತಕನ ಮನಸ್ಸು ಮಾತ್ರ. 1877ರಲ್ಲಿ ಇವುಗಳಲ್ಲಿ ಅರ್ಧವೂ ಇರಲಿಲ್ಲ.

ಅದೇ 1952ರ ಸೆಪ್ಟೆಂಬರಿನಲ್ಲಿ ಬೆಜವಾಡದ ಹಳೆಯ ಅಣೆಕಟ್ಟು ಕೃಷ್ಣೆಯ ನೆರೆಗೆ ಒಡೆಯಿತು. ನೂರು ವರುಷ ತುಂಬಲು ಮೂರೇ ವರುಷ ಉಳಿದಿತ್ತು. ನಿಯಂತ್ರಣ ತೆಗೆದ ಸರಕಾರಕ್ಕೆ ಈಗ ಕಾಗದದ ಆಜ್ಞೆಯಿಂದ ಆಗದ ಕೆಲಸ ಎದುರಾಯಿತು. ಮರುವರುಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಒಡೆದ ಅಣೆಕಟ್ಟು ಹೊಸ ರಾಜ್ಯದ ಪಾಲಿಗೆ ಬಂದಿತು. 1954ರಲ್ಲಿ ಕೆಲಸ ಮೊದಲಾಗಿ 1957ರಲ್ಲಿ 1,223 ಮೀಟರ್ ಉದ್ದದ ಹೊಸ ಬ್ಯಾರೇಜು ಸಿದ್ಧವಾಯಿತು. ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಹೆಸರನ್ನು ಅದಕ್ಕಿಟ್ಟರು. ಇಂದಿಗೂ ಎರಡು ದಡಗಳ ನಾಲೆಗಳಿಗೆ ನೀರು ಹೊರಡುವುದು ಅದರ ಬಾಗಿಲುಗಳ ಬಳಿಯಿಂದಲೇ. ಎಡದಂಡೆಯದು ಕೃಷ್ಣಾ ಜಿಲ್ಲೆಯ ಕಡೆಗೆ, ಬಲದಂಡೆಯದು ಡೊಕ್ಕಲ ಕರುವಿನ ಗುಂಟೂರಿನ ಕಡೆಗೆ.